ಎರಡು ಬಾರಿ ಕಳಚಿದ ಕ್ಯಾಪ್: ದೋಷ ಸಿಮೆಂಟಿನದೋ, ಹಲ್ಲಿನದೋ?

ಪ್ರಶ್ನೆ: “ಡಾಕ್ಟರೇ, ನನಗೆ 54 ವರ್ಷ. ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ಮೂರು ವರ್ಷದ ಹಿಂದೆ ಬಲಗಡೆ ಕೆಳಗಿನ ಕೊನೆಯ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ, ಒಳಗೆ ಲೋಹ, ಹೊರಗೆ ಹಲ್ಲಿನ ಬಣ್ಣ ಇರುವ ಕ್ಯಾಪ್ ಹಾಕಿಸಿದ್ದೆ. ಒಂದೂವರೆ ವರ್ಷಕ್ಕೆ ಕಳಚಿ ಬಂತು. ಅದೇ ಕ್ಯಾಪನ್ನು ಮತ್ತೆ ಅಂಟಿಸಿಕೊಟ್ಟರು. ಹದಿನೈದು ದಿನದ ಹಿಂದೆ ಕಬ್ಬು ಸಿಗಿದು ತಿನ್ನುವಾಗ ಮತ್ತೆ ಬಂದುಬಿಟ್ಟಿತು. ನೋವು ಇಲ್ಲ, ಕ್ಯಾಪಿನ ಒಳಗಡೆ ಮಾತ್ರ ಕೆಟ್ಟ ವಾಸನೆ ಇತ್ತು. ಮಂಡ್ಯದ ಡಾಕ್ಟರು ‘ಗ್ಲಾಸ್ ಅಯಾನೊಮರ್ ಹಾಕಿ ಕೂರಿಸುತ್ತೇನೆ, ಸಾಕು’ ಎನ್ನುತ್ತಾರೆ. ಮೈಸೂರಿನಲ್ಲಿ ಕೇಳಿದರೆ ‘ಅದು ಹಳೇ ಕಾಲದ್ದು, ಜಿರ್ಕೋನಿಯಾ ಕ್ಯಾಪ್ ಮಾಡಿಸಿ ರೆಸಿನ್ ಸಿಮೆಂಟಿನಲ್ಲಿ ಅಂಟಿಸಬೇಕು’ ಎಂದರು. ಖರ್ಚು ಬಹಳ ಆಗುತ್ತದೆ. ಸಿಮೆಂಟೇ ಹಲ್ಲನ್ನು ಒಳಗಿಂದ ತಿನ್ನುತ್ತದೆ ಎಂದು ಪಕ್ಕದ ಮನೆಯವರು ಹೆದರಿಸುತ್ತಾರೆ. ಗ್ಲಾಸ್ ಅಯಾನೊಮರ್ ಫ್ಲೋರೈಡ್ ಬಿಡುತ್ತದಂತೆ. ನಮ್ಮೂರ ಬೋರ್‌ವೆಲ್ ನೀರಿನಲ್ಲೇ ಫ್ಲೋರೈಡ್ ಇದೆ ಅನ್ನುತ್ತಾರೆ, ಅದರ ಮೇಲೆ ಇದೂ ಬೇಕೇ? ಮಗ ಫೆವಿಕ್ವಿಕ್ ಹಾಕಿ ಕೂರಿಸಿಕೊಡಲೇ ಎಂದು ಕೇಳುತ್ತಿದ್ದಾನೆ. ಎಲೆ ಅಡಿಕೆ ಹಾಕುವ ಅಭ್ಯಾಸ ಇದೆ. ಯಾವ ಸಿಮೆಂಟ್ ಒಳ್ಳೆಯದು, ತಿಳಿಸಿ.”

ಉತ್ತರ: ತಡಮಾಡದೆ ಹೇಳಬೇಕಾದ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಫೆವಿಕ್ವಿಕ್ ಹಾಕಬೇಡಿ. ಆ ಬಗೆಯ ಅಂಟು ತೇವ ತಗುಲಿದ ಕ್ಷಣದಲ್ಲೇ ಬಿಸಿಯಾಗುತ್ತ ಗಟ್ಟಿಯಾಗುತ್ತದೆ. ಕ್ಯಾಪ್ ತನ್ನ ಜಾಗದಲ್ಲಿ ಪೂರ್ತಿ ಕೂರುವ ಮೊದಲೇ ಅದು ಹಿಡಿದುಕೊಂಡರೆ, ಕೂದಲೆಳೆಯಷ್ಟು ಎತ್ತರವಾಗಿ ನಿಂತ ಕ್ಯಾಪಿನ ಮೇಲೆಯೇ ಪ್ರತಿ ಸಲ ಕಚ್ಚಿದಾಗಲೂ ದವಡೆಯ ಭಾರವೆಲ್ಲ ಬೀಳುತ್ತದೆ, ಬೇರು ಸೀಳುವ ಅಪಾಯವೂ ಇದೆ. ಬಾಯಿಯ ತೇವದಲ್ಲಿ ಆ ಅಂಟು ಬಹುಕಾಲ ಬಾಳುವುದೂ ಇಲ್ಲ. ಬಿಟ್ಟುಹೋಗುವ ಹೊತ್ತಿಗೆ ಕ್ಯಾಪಿನ ಒಳಮೈಯನ್ನೂ ಹಲ್ಲಿನ ಮೈಯನ್ನೂ ಕೆಡಿಸಿರುತ್ತದೆ. ಕಳಚಿದ ಕ್ಯಾಪನ್ನು ನೀರಿನಲ್ಲಿ ತೊಳೆದು ಒಂದು ಚಿಕ್ಕ ಡಬ್ಬಿಯಲ್ಲಿಡಿ, ಪಿನ್ನಿನಿಂದಾಗಲಿ ಚಾಕುವಿನಿಂದಾಗಲಿ ಅದರ ಒಳಗನ್ನು ಕೆರೆಯಬೇಡಿ, ಸುಮ್ಮನೆ ಹಲ್ಲಿನ ಮೇಲೆ ಕೂರಿಸಿಕೊಂಡು ಮಲಗಲೂಬೇಡಿ. ನಿದ್ದೆಯಲ್ಲಿ ಅದು ಜಾರಿ ಶ್ವಾಸನಾಳಕ್ಕೆ ಹೋಗಬಹುದು. ಈಗಾಗಲೇ ಹದಿನೈದು ದಿನ ಕಳೆದಿದೆ. ಮೇಲಿನ ಹಲ್ಲು ಖಾಲಿ ಜಾಗದ ಕಡೆಗೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ, ಪಕ್ಕದ ಹಲ್ಲು ಇತ್ತ ವಾಲುತ್ತದೆ, ಆಮೇಲೆ ಕ್ಯಾಪ್ ಚೆನ್ನಾಗಿದ್ದರೂ ಒಳಗೆ ಇಳಿಯುವುದಿಲ್ಲ. ಆದ್ದರಿಂದ ಈ ವಾರವೇ ಯಾರಾದರೊಬ್ಬ ವೈದ್ಯರ ಬಳಿ ಹೋಗಿ.

ಇನ್ನು ನಿಮ್ಮ ಚಿಂತೆಗೆ ಬರುತ್ತೇನೆ. ಒಂದೇ ಹಲ್ಲಿಗೆ ಇಬ್ಬರು ವೈದ್ಯರು ಎರಡು ಬೇರೆ ಬೇರೆ ಸಿಮೆಂಟ್ ಹೇಳಿದ್ದಾರೆ, ಯಾರನ್ನು ನಂಬುವುದು ಎಂಬುದು ನಿಮ್ಮ ಪತ್ರದ ಒಳಗಿರುವ ನಿಜವಾದ ಪ್ರಶ್ನೆ. ಇಬ್ಬರ ಮಾತಿಗೂ ಆಧಾರವಿದೆ. ಆದರೆ ಒಂದೇ ಕ್ಯಾಪ್ ಎರಡು ಬಾರಿ ಕಳಚಿದ ಮೇಲೆ, ಅದು ಏಕೆ ಕಳಚಿತು ಎಂಬುದನ್ನು ಕಂಡುಕೊಳ್ಳದೆ ಸಿಮೆಂಟನ್ನು ಆರಿಸುವುದು ಸರಿಯಾದ ಕ್ರಮವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸಿಮೆಂಟ್ ಒಂದನ್ನೇ ಬದಲಿಸಿ ಮೂರನೆಯ ಸಲ ಕೂರಿಸಿಕೊಂಡು ಹೋದವರಲ್ಲಿ ಹಲವರು, ನಾಲ್ಕನೆಯ ಸಲ ಕ್ಯಾಪಿನ ಜೊತೆಗೆ ಹಲ್ಲಿನ ಚೂರನ್ನೂ ಕೈಯಲ್ಲಿ ಹಿಡಿದು ಬಂದದ್ದನ್ನು ನೋಡಿದ್ದೇನೆ.

ಕ್ಯಾಪನ್ನು ಹಲ್ಲಿನ ಮೇಲೆ ಹಿಡಿದು ನಿಲ್ಲಿಸುವುದು ಸಿಮೆಂಟ್ ಎಂದು ಬಹುಪಾಲು ಜನ ತಿಳಿದಿದ್ದಾರೆ. ಅದು ಅರ್ಧ ಸತ್ಯ. ಹಿಡಿತದ ದೊಡ್ಡ ಪಾಲು ಬರುವುದು ಕ್ಯಾಪಿಗಾಗಿ ತೇಯ್ದು ಉಳಿಸಿಕೊಂಡ ಹಲ್ಲಿನ ಎತ್ತರದಿಂದ ಮತ್ತು ಅದರ ಗೋಡೆಗಳು ಎಷ್ಟು ನೇರವಾಗಿವೆ ಎಂಬುದರಿಂದ. ಒಂದರೊಳಗೊಂದು ಕೂತ ಎರಡು ಸ್ಟೀಲ್ ಲೋಟಗಳನ್ನು ನೆನೆಸಿಕೊಳ್ಳಿ: ನೇರ ಗೋಡೆಯ ಎತ್ತರದ ಲೋಟಗಳು ಕಚ್ಚಿಕೊಂಡರೆ ಬಿಡಿಸಲು ಹೆಣಗಬೇಕಾಗುತ್ತದೆ, ಬಾಯಿ ಅಗಲವಾಗಿ ತಳ ಕಿರಿದಾದ ಗಿಡ್ಡ ಲೋಟಗಳು ಮುಟ್ಟಿದರೆ ಬೇರೆಯಾಗುತ್ತವೆ. ತೇಯ್ದ ಹಲ್ಲಿನ ಎದುರುಬದುರು ಗೋಡೆಗಳ ನಡುವಿನ ಒಟ್ಟು ಇಳಿಜಾರು 6 ಡಿಗ್ರಿ ಇರಬೇಕೆಂದು ಹಳೆಯ ಪಾಠ ಹೇಳುತ್ತದೆ. ಬಾಯೊಳಗೆ ಕೆಲಸ ಮಾಡುವವರಿಗೆ 10ರಿಂದ 20 ಡಿಗ್ರಿಯೊಳಗೆ ಉಳಿಸಿದರೂ ತೃಪ್ತಿಯೇ. ದವಡೆ ಹಲ್ಲಾದರೆ ತೇಯ್ದ ಮೇಲೆ ಕನಿಷ್ಠ 4 ಮಿಲಿಮೀಟರ್ ಎತ್ತರ ಉಳಿದಿರಬೇಕು. ರೂಟ್ ಕೆನಾಲ್ ಆದ ಹಲ್ಲಿಗೆ ಇದರ ಜೊತೆಗೆ ಇನ್ನೊಂದು ಷರತ್ತಿದೆ: ಒಳಗೆ ತುಂಬಿ ಕಟ್ಟಿದ ಫಿಲ್ಲಿಂಗ್ ಎಷ್ಟೇ ಎತ್ತರವಿದ್ದರೂ, ಅದರ ಬುಡದಲ್ಲಿ ನಿಮ್ಮ ಸ್ವಂತ ಹಲ್ಲು ಸುತ್ತಲೂ ಒಂದೂವರೆಯಿಂದ 2 ಮಿಲಿಮೀಟರ್‌ನಷ್ಟು ವಸಡಿನ ಮೇಲೆ ಕಾಣುತ್ತಿರಬೇಕು, ಕ್ಯಾಪಿನ ಅಂಚು ಆ ಭಾಗವನ್ನು ಬಳೆಯಂತೆ ಸುತ್ತಿ ಹಿಡಿಯಬೇಕು. ಆ ಪಟ್ಟಿ ಇಲ್ಲದಿದ್ದರೆ ಜಗತ್ತಿನ ಯಾವ ಸಿಮೆಂಟಿನಿಂದಲೂ ಹೆಚ್ಚು ದಿನ ನಿರೀಕ್ಷಿಸಲಾಗದು.

ನಿಮ್ಮದು ಕೆಳಗಿನ ಕೊನೆಯ ದವಡೆ ಹಲ್ಲು. ಸ್ವಭಾವತಃ ಅದು ಗಿಡ್ಡ. ಹಿಂದಿನ ಬದಿಯಲ್ಲಿ ವಸಡು ಎತ್ತರಕ್ಕೆ ಹತ್ತಿರುತ್ತದೆ. ಲೋಹಕ್ಕೂ ಅದರ ಮೇಲಿನ ಪಿಂಗಾಣಿಗೂ ಸೇರಿ ಮೇಲ್ಮೈಯಲ್ಲಿ ಒಂದೂವರೆಯಿಂದ 2 ಮಿಲಿಮೀಟರ್ ಜಾಗ ಬೇಕಾಗುವುದರಿಂದ ಅಷ್ಟನ್ನು ತೇಯಲೇಬೇಕು. ಮೊದಲೇ ಗಿಡ್ಡವಾದ ಹಲ್ಲು ತೇಯ್ದ ಮೇಲೆ ಇನ್ನಷ್ಟು ಗಿಡ್ಡ. ಹೀಗಿರುವಾಗ ಸಿಮೆಂಟಿನ ಮೇಲೆ ಬೀಳುವ ಹೊಣೆ ಹೆಚ್ಚಾಗುತ್ತದೆ, ಸಿಮೆಂಟುಗಳ ನಡುವಿನ ವ್ಯತ್ಯಾಸವೂ ಇಲ್ಲಿಯೇ ಲೆಕ್ಕಕ್ಕೆ ಬರುತ್ತದೆ. ಎತ್ತರವಾದ, ನೇರ ಗೋಡೆಯ ಹಲ್ಲಿನ ಮೇಲೆ ಚೆನ್ನಾಗಿ ಹೊಂದುವ ಕ್ಯಾಪಿಗೆ ಯಾವ ಸಿಮೆಂಟ್ ಹಾಕಿದರೂ ಹತ್ತಾರು ವರ್ಷ ನಿಲ್ಲುವುದುಂಟು.

ಈ ಸಿಮೆಂಟುಗಳಲ್ಲಿ ಹಿರಿಯದು ಜಿಂಕ್ ಫಾಸ್ಫೇಟ್, ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ಬಳಕೆಯಲ್ಲಿದೆ. ಜಿಂಕ್ ಆಕ್ಸೈಡ್ ಪುಡಿಯನ್ನು ಫಾಸ್ಫಾರಿಕ್ ಆಮ್ಲದೊಡನೆ ಕಲಸುತ್ತಾರೆ. ಕಲಸುವಾಗ ಹುಟ್ಟುವ ಶಾಖವನ್ನು ತಗ್ಗಿಸಲು ತಣ್ಣನೆಯ ದಪ್ಪ ಗಾಜಿನ ಹಲಗೆಯ ಮೇಲೆ ಪುಡಿಯನ್ನು ಚಿಕ್ಕ ಚಿಕ್ಕ ಪಾಲುಮಾಡಿಟ್ಟು, ಒಂದೊಂದೇ ಪಾಲನ್ನು ದ್ರವಕ್ಕೆ ಎಳೆದುಕೊಂಡು, ಹಲಗೆಯ ಉದ್ದಗಲಕ್ಕೂ ತೆಳ್ಳಗೆ ಹರಡುತ್ತ ಸುಮಾರು ಒಂದೂವರೆ ನಿಮಿಷ ಕಲಸಬೇಕು; ಚಪ್ಪಟೆ ಕರಣೆಯನ್ನು ಮೇಲೆತ್ತಿದಾಗ ಸಿಮೆಂಟ್ ಸುಮಾರು 2 ಸೆಂಟಿಮೀಟರ್ ಎಳೆಯಾಗಿ ಎದ್ದು ಆಮೇಲೆ ಕಡಿದರೆ ಹದ ಸರಿ. ಅವಸರದಲ್ಲಿ ಪುಡಿಯನ್ನು ಒಮ್ಮೆಗೇ ಸುರಿದರೆ ಕ್ಯಾಪ್ ಕೂರುವ ಮೊದಲೇ ಅದು ಗಟ್ಟಿಯಾಗುತ್ತದೆ, ನೀರಾದರೆ ಬಲಹೀನವಾಗುತ್ತದೆ. ಜಿಂಕ್ ಫಾಸ್ಫೇಟ್ ಹಲ್ಲಿಗೆ ಅಂಟುವುದಿಲ್ಲ. ಹಲ್ಲಿನ ಮೈಯಲ್ಲೂ ಕ್ಯಾಪಿನ ಮೈಯಲ್ಲೂ ಇರುವ ಸೂಕ್ಷ್ಮ ತರಚುಗಳೊಳಗೆ ಇಳಿದು ಗಟ್ಟಿಯಾಗಿ, ಎರಡರ ನಡುವೆ ಬೆಣೆಯಾಗಿ ನಿಲ್ಲುತ್ತದೆ, ಅಷ್ಟೇ. ನಿಮ್ಮಂಥ ಗಿಡ್ಡ ಹಲ್ಲಿಗೆ ಇದು ಸಾಲದು.

ಹಲ್ಲಿಗೆ ರಾಸಾಯನಿಕವಾಗಿ ಅಂಟುವ ಮೊದಲ ಸಿಮೆಂಟ್ ಬಂದದ್ದು 1968ರಲ್ಲಿ, ಮ್ಯಾಂಚೆಸ್ಟರಿನ ಡೆನ್ನಿಸ್ ಸ್ಮಿತ್ ಅವರಿಂದ, ಅದು ಪಾಲಿಕಾರ್ಬಾಕ್ಸಿಲೇಟ್. ಹಲ್ಲಿನ ನರಕ್ಕೆ ಮೃದು, ಬಲದಲ್ಲಿ ಸಾಧಾರಣ. ಅದರ ಬೆನ್ನಿಗೇ 1972ರಲ್ಲಿ ಲಂಡನ್ನಿನ ಅಲನ್ ವಿಲ್ಸನ್ ಮತ್ತು ಬ್ರಯನ್ ಕೆಂಟ್ ಪ್ರಕಟಿಸಿದ ಗ್ಲಾಸ್ ಅಯಾನೊಮರ್ ಇಂದಿಗೂ ನಮ್ಮ ಊರುಗಳ ಕ್ಲಿನಿಕ್ಕುಗಳಲ್ಲಿ ಅತಿ ಹೆಚ್ಚು ಕೆಲಸ ಮಾಡುತ್ತಿರುವ ಸಿಮೆಂಟ್. ಫ್ಲೋರೈಡ್ ಉಳ್ಳ ಗಾಜಿನ ಪುಡಿಗೆ ಪಾಲಿಅಕ್ರಿಲಿಕ್ ಆಮ್ಲ ಸೇರಿದಾಗ, ಆಮ್ಲದ ಸರಪಳಿಗಳು ಹಲ್ಲಿನ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತವೆ. ಬಿಸಿಗೂ ತಂಪಿಗೂ ಅದು ಹಿಗ್ಗಿ ಕುಗ್ಗುವ ರೀತಿ ಹಲ್ಲಿನ ರೀತಿಗೆ ಹತ್ತಿರವಾಗಿದೆ. ಕ್ಯಾಪ್ ಕೂರಿಸುವಾಗ ಇದರ ಪದರ 25 ಮೈಕ್ರಾನ್‌ಗಿಂತ, ಅಂದರೆ ಮಿಲಿಮೀಟರಿನ ನಲವತ್ತನೆಯ ಒಂದು ಭಾಗಕ್ಕಿಂತ ದಪ್ಪವಾಗಬಾರದೆಂದು ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ದೌರ್ಬಲ್ಯವೂ ಇದೆ: ಕ್ಯಾಪ್ ಕೂರಿಸಿದ ಮೊದಲ ಕೆಲವು ನಿಮಿಷ ಅಂಚಿಗೆ ಜೊಲ್ಲು ತಗುಲಿದರೆ ಸಿಮೆಂಟ್ ಕರಗಿ ತೊಳೆದುಹೋಗುತ್ತದೆ, ತೀರಾ ಒಣಗಿಸಿದರೆ ಬಿರುಕು ಬಿಡುತ್ತದೆ, ಕೆಲವೇ ನಿಮಿಷದಲ್ಲಿ ಗಟ್ಟಿಯಾದಂತೆ ಕಂಡರೂ ಪೂರ್ಣ ಬಲ ಬರಲು ಒಂದು ದಿನವಾದರೂ ಬೇಕು. ಕ್ಲಿನಿಕ್ಕಿನಿಂದ ಹೊರಬಂದು ಬಸ್ ಸ್ಟ್ಯಾಂಡಿನಲ್ಲೇ ಎಲೆ ಅಡಿಕೆ ಹಾಕಿಕೊಂಡವರ ಕ್ಯಾಪ್ ಬೇಗ ಸಡಿಲವಾಗುವುದರಲ್ಲಿ ಆಶ್ಚರ್ಯವಿಲ್ಲ.

ಇದೇ ಗ್ಲಾಸ್ ಅಯಾನೊಮರ್‌ಗೆ ಸ್ವಲ್ಪ ರೆಸಿನ್, ಅಂದರೆ ಪ್ಲಾಸ್ಟಿಕ್ ಜಾತಿಯ ಅಂಟು, ಬೆರೆಸಿದ ಸುಧಾರಿತ ರೂಪವೊಂದಿದೆ. ಇಬ್ಬರು ವೈದ್ಯರೂ ಅದರ ಹೆಸರನ್ನು ನಿಮಗೆ ಹೇಳಿಲ್ಲ. ಲೋಹದ ಅಥವಾ ಜಿರ್ಕೋನಿಯಾದ (ಲೋಹವಿಲ್ಲದ, ಬಿಳಿಯ ಗಟ್ಟಿ ಪಿಂಗಾಣಿಯ) ಕ್ಯಾಪಿಗೆ, ಅದೂ ಬಾಯಿಯ ಹಿಂಭಾಗದಲ್ಲಿ, ನಾನು ಮೊದಲು ಯೋಚಿಸುವುದು ಇದನ್ನೇ. ಸಾಮಾನ್ಯ ಗ್ಲಾಸ್ ಅಯಾನೊಮರ್‌ಗಿಂತ ಹಿಡಿತ ಹೆಚ್ಚು, ಕರಗುವುದು ಕಡಿಮೆ, ಆರಂಭದ ತೇವಕ್ಕೂ ಅಷ್ಟು ಹೆದರುವುದಿಲ್ಲ. ನೀರು ಹೀರಿ ತುಸು ಉಬ್ಬುವ ಗುಣವಿರುವುದರಿಂದ ಬರೀ ಪಿಂಗಾಣಿಯ, ಬಲ ಕಡಿಮೆ ಇರುವ ಕ್ಯಾಪುಗಳಿಗೆ ಇದು ತಕ್ಕುದಲ್ಲ. ನಿಮ್ಮ ಕ್ಯಾಪಿಗೆ ಆ ತೊಂದರೆ ಇಲ್ಲ.

ರೆಸಿನ್ ಸಿಮೆಂಟಿನ ಕಥೆ ಬೇರೆ. 1955ರಲ್ಲಿ ಅಮೆರಿಕದ ಮೈಕಲ್ ಬೂನೊಕೋರ್, ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ಲಿನ ಮೇಲೆ ಅರ್ಧ ನಿಮಿಷ ಫಾಸ್ಫಾರಿಕ್ ಆಮ್ಲ ಹಚ್ಚಿ ತೊಳೆದರೆ ರೆಸಿನ್ ಅದಕ್ಕೆ ಗಟ್ಟಿಯಾಗಿ ಅಂಟುತ್ತದೆ ಎಂದು ತೋರಿಸಿದರು. ಎನಾಮಲ್ಲಿನ ಒಳಗಿರುವ, ತೇವದಿಂದ ಕೂಡಿದ ಡೆಂಟಿನ್ನಿಗೆ ಅಂಟುವುದು ಹೇಗೆಂಬುದು ಸ್ಪಷ್ಟವಾಗಲು 1982ರವರೆಗೆ ಕಾಯಬೇಕಾಯಿತು. ಆ ವರ್ಷ ಜಪಾನಿನ ನೊಬುವೊ ನಕಬಯಾಶಿ, ರೆಸಿನ್ನು ಡೆಂಟಿನ್ನಿನ ನಾರುಗಳ ನಡುವೆ ಇಂಗಿ ಗಟ್ಟಿಯಾಗಿ ಎರಡೂ ಬೆರೆತ ತೆಳುಪದರವಾಗುವುದನ್ನು ವಿವರಿಸಿದರು. ಇವತ್ತಿನ ರೆಸಿನ್ ಸಿಮೆಂಟುಗಳೆಲ್ಲ ಈ ಎರಡು ಅರಿವುಗಳ ಮೇಲೆ ನಿಂತಿವೆ. ಬಲದಲ್ಲಿ ಇವನ್ನು ಮೀರಿಸುವ ಸಿಮೆಂಟ್ ಇಲ್ಲ, ಜೊಲ್ಲಿನಲ್ಲಿ ಇವು ಕರಗುವುದಿಲ್ಲವೆಂದೇ ಹೇಳಬಹುದು. ಗಿಡ್ಡ ಹಲ್ಲಿಗೆ ರೆಸಿನ್ ಬೇಕೆಂದ ಮೈಸೂರಿನ ವೈದ್ಯರ ಮಾತಿನ ಹಿಂದಿರುವ ನ್ಯಾಯ ಇದು.

ಆದರೆ ಈ ಬಲವೆಲ್ಲ ಕೆಲಸದ ಅಚ್ಚುಕಟ್ಟನ್ನು ಅವಲಂಬಿಸಿದೆ, ಇದನ್ನು ರೋಗಿಗಳಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಹಲ್ಲಿನ ಮೇಲೆ ಜೊಲ್ಲಿನ ಅಥವಾ ರಕ್ತದ ತೆಳುವಾದ ಪದರ ಉಳಿದರೂ ಅಂಟು ಕೆಡುತ್ತದೆ. ಅದಕ್ಕಾಗಿ ಹಲ್ಲಿನ ಸುತ್ತ ರಬ್ಬರಿನ ತೆಳುಹಾಳೆ ಕಟ್ಟಿ ಒಣಗಿಟ್ಟುಕೊಳ್ಳುವ ಪದ್ಧತಿ 1864ರಿಂದ ಇದೆ. ಬಾಯಿಯ ಕೊನೆಯ ಹಲ್ಲಿಗೆ, ಅದೂ ಕ್ಯಾಪಿನ ಅಂಚು ವಸಡಿನ ಕೆಳಗೆ ಇಳಿದಿದ್ದರೆ, ಅದನ್ನು ಕಟ್ಟುವುದು ಬಹಳ ಕಷ್ಟ. ಲವಂಗದ ಎಣ್ಣೆಯ ಸಾರವಾದ ಯೂಜಿನಾಲ್ ರೆಸಿನ್ನನ್ನು ಸರಿಯಾಗಿ ಗಟ್ಟಿಯಾಗಗೊಡುವುದಿಲ್ಲ. ಕ್ಯಾಪ್ ಕಳಚಿದ ಮೇಲೆ ಹಲ್ಲಿಗೆ ಲವಂಗದ ಎಣ್ಣೆ ಹಚ್ಚಿದ್ದರೆ, ಅಥವಾ ಅದೇ ಸಾರವುಳ್ಳ ತಾತ್ಕಾಲಿಕ ಸಿಮೆಂಟನ್ನು ಯಾರಾದರೂ ಹಾಕಿದ್ದರೆ ವೈದ್ಯರಿಗೆ ತಿಳಿಸಿಬಿಡಿ. ರೂಟ್ ಕೆನಾಲ್ ಮಾಡುವಾಗ ನಾಳಗಳನ್ನು ತೊಳೆಯಲು ಬಳಸುವ ಹೈಪೊಕ್ಲೋರೈಟ್ ಕೂಡ ಅಂಟನ್ನು ದುರ್ಬಲಗೊಳಿಸುತ್ತದೆ. ಲೋಹದ ಕ್ಯಾಪಿನೊಳಕ್ಕೆ ಬೆಳಕು ಹೋಗದ ಕಾರಣ, ನೀಲಿ ಬೆಳಕು ಬಿಟ್ಟು ಮಾತ್ರ ಗಟ್ಟಿಮಾಡುವ ರೆಸಿನ್ ಅಲ್ಲಿ ನಡೆಯದು, ತಾನೇ ಗಟ್ಟಿಯಾಗುವ ಬಗೆಯೇ ಆಗಬೇಕು. ಅಂಚಿನಲ್ಲಿ ಹೊರಬಂದ ಹೆಚ್ಚುವರಿ ರೆಸಿನ್ನನ್ನು ಸಕಾಲದಲ್ಲಿ ತೆಗೆಯದಿದ್ದರೆ ಅದು ಕಲ್ಲಿನಂತೆ ವಸಡಿನೊಳಗೆ ಉಳಿದು ಬಾವು ತರುತ್ತದೆ. ಮುಂದೆ ಎಂದಾದರೂ ಕ್ಯಾಪ್ ತೆಗೆಯಬೇಕಾದರೆ ಕತ್ತರಿಸಿಯೇ ತೆಗೆಯಬೇಕು. ಡೆಂಟಿನ್ನಿನೊಡನೆ ಬೆಸೆದ ಆ ತೆಳುಪದರವೂ ವರ್ಷಗಳು ಕಳೆದಂತೆ ನೀರಿನಿಂದ, ಹಲ್ಲಿನೊಳಗಿನ ಕಿಣ್ವಗಳಿಂದ ಸವೆಯುತ್ತದೆ. ಒದ್ದೆಯಲ್ಲಿ ಹಾಕಿದ ರೆಸಿನ್ನಿಗಿಂತ ಜಾಗ್ರತೆಯಿಂದ ಹಾಕಿದ ಗ್ಲಾಸ್ ಅಯಾನೊಮರ್ ಎಷ್ಟೋ ಮೇಲು.

ಜಿರ್ಕೋನಿಯಾಕ್ಕೆ ರೆಸಿನ್ನೇ ಆಗಬೇಕು ಎಂಬ ಮಾತನ್ನೂ ತಿದ್ದಬೇಕಾಗಿದೆ. ಜಿರ್ಕೋನಿಯಾ ತಾನಾಗಿ ಗಟ್ಟಿ ವಸ್ತು, ಹಲ್ಲಿನ ಹಿಡಿತ ಚೆನ್ನಾಗಿದ್ದರೆ ಗ್ಲಾಸ್ ಅಯಾನೊಮರ್ ಜಾತಿಯ ಸಿಮೆಂಟಿನಲ್ಲೂ ನಿಲ್ಲುತ್ತದೆ. ರೆಸಿನ್ನಿಂದ ಬೆಸೆಯಲೇಬೇಕಾದದ್ದು ಗಾಜಿನ ಅಂಶ ಹೆಚ್ಚಿರುವ, ತೆಳುವಾದ ಪಿಂಗಾಣಿಯನ್ನು. ಜಿರ್ಕೋನಿಯಾವನ್ನು ರೆಸಿನ್ನಿನಲ್ಲಿ ಅಂಟಿಸುವುದೇ ಆದರೆ ಅದಕ್ಕೆ ತನ್ನದೇ ಕ್ರಮವಿದೆ: ಬಾಯಲ್ಲಿ ಅಳತೆ ನೋಡುವಾಗ ಜೊಲ್ಲಿನಲ್ಲಿರುವ ಫಾಸ್ಫೇಟ್ ಅದರ ಒಳಮೈಗೆ ಹತ್ತಿಕೊಳ್ಳುತ್ತದೆ, ಅದನ್ನು ಫಾಸ್ಫಾರಿಕ್ ಆಮ್ಲದಿಂದ ತೊಳೆದರೆ ಇನ್ನಷ್ಟು ಕೆಡುತ್ತದೆ, ಹಗುರ ಒತ್ತಡದಲ್ಲಿ ಅಲ್ಯುಮಿನಾ ಪುಡಿ ಊದಿ ಅಥವಾ ಅದಕ್ಕಾಗಿಯೇ ಇರುವ ಲೇಪದಿಂದ ಶುಚಿಮಾಡಿ, ಎಂಡಿಪಿ ಎಂಬ ಅಂಟುವ ಅಣು ಇರುವ ಪ್ರೈಮರ್ ಹಚ್ಚಬೇಕು. ಈ ಹಂತಗಳನ್ನು ಬಿಟ್ಟರೆ ದುಬಾರಿ ಸಿಮೆಂಟಿಗೆ ಕೊಟ್ಟ ಹಣ ವ್ಯರ್ಥ.

ಕ್ಯಾಪಿನ ಒಳಗನ್ನು ಕೆರೆಯಬೇಡಿ ಎಂದು ಹೇಳಿದ್ದಕ್ಕೆ ಕಾರಣವಿದೆ. ಕಳಚಿದ ಕ್ಯಾಪನ್ನು ದೀಪದ ಕೆಳಗೆ ಹಿಡಿದು ಒಳಗೆ ನೋಡಿದರೆ ಅದು ಬಹಳಷ್ಟನ್ನು ಹೇಳುತ್ತದೆ. ಸಿಮೆಂಟೆಲ್ಲ ಕ್ಯಾಪಿನ ಒಳಗೇ ಅಂಟಿಕೊಂಡು, ಹಲ್ಲು ನುಣ್ಣಗೆ ಬರಿದಾಗಿದ್ದರೆ ಹಲ್ಲಿನ ಕಡೆಯ ಅಂಟು ಬಿಟ್ಟಿದೆ. ಕೂರಿಸುವಾಗ ತೇವವಿತ್ತು, ಇಲ್ಲವೇ ಗೋಡೆಗಳು ಹೆಚ್ಚು ಇಳಿಜಾರಾಗಿವೆ. ಸಿಮೆಂಟ್ ಹಲ್ಲಿನ ಮೇಲೆ ಉಳಿದು ಕ್ಯಾಪಿನ ಲೋಹ ಹೊಳೆಯುತ್ತಿದ್ದರೆ, ಎರಡನೆಯ ಸಲ ಅಂಟಿಸುವ ಮುನ್ನ ಒಳಮೈಯನ್ನು ತರಿಯಾಗಿಸಿರಲಿಲ್ಲ. ಒಂದು ಮೂಲೆಯಲ್ಲಿ ಮಾತ್ರ ಸಿಮೆಂಟ್ ತೊಳೆದುಹೋಗಿ ಕಂದು ಇಲ್ಲವೇ ಕಪ್ಪು ಬಣ್ಣದ ಮೆತ್ತನೆಯ ಪದಾರ್ಥ ತುಂಬಿದ್ದರೆ, ಆ ಅಂಚಿನಿಂದ ಜೊಲ್ಲು ಬಹಳ ದಿನದಿಂದ ಒಳಹೋಗುತ್ತಿತ್ತು. ಕ್ಯಾಪಿನ ಜೊತೆಗೆ ಒಳಗಿನ ಫಿಲ್ಲಿಂಗೂ ಕಿತ್ತು ಬಂದಿದ್ದರೆ ಸಿಮೆಂಟನ್ನು ದೂರುವಂತೆಯೇ ಇಲ್ಲ. ಒಳಗಿನ ಕಟ್ಟಡವೇ ಕುಸಿದಿದೆ. ನಿಮ್ಮ ಕ್ಯಾಪಿನ ವಾಸನೆ ನನ್ನನ್ನು ಮೂರನೆಯ ಕಾರಣದ ಕಡೆಗೆ ಎಳೆಯುತ್ತದೆ. ಸೋರುತ್ತಿದ್ದ ಅಂಚಿನಲ್ಲಿ ಆಹಾರ ನಿಂತು ಕೊಳೆತದ್ದರಿಂದ ಆ ವಾಸನೆ ಬಂದಿರಬೇಕು. ಅದರ ಅಡಿಯಲ್ಲಿ ಹುಳುಕು ಇರುವ ಸಾಧ್ಯತೆ ಹೆಚ್ಚು.

ನೋವಿಲ್ಲವೆಂದು ಸಮಾಧಾನಪಟ್ಟಿದ್ದೀರಿ. ರೂಟ್ ಕೆನಾಲ್‌ನಲ್ಲಿ ನರವನ್ನೇ ತೆಗೆದಿರುವುದರಿಂದ ಆ ಹಲ್ಲು ಒಳಗೊಳಗೆ ಹುಳುಕಾದರೂ ನಿಮಗೆ ಗೊತ್ತಾಗುವುದಿಲ್ಲ. ಹುಳುಕು ಕ್ಯಾಪಿನ ಅಂಚಿನಿಂದ ಬೇರಿನ ಕಡೆಗೆ ಇಳಿದು, ಜೊಲ್ಲಿನ ಕ್ರಿಮಿಗಳು ರೂಟ್ ಕೆನಾಲ್‌ನ ತುಂಬುವಿಕೆಯವರೆಗೆ ತಲುಪಿ, ಬೇರಿನ ತುದಿಯಲ್ಲಿ ಕೀವಾದಾಗ ಮಾತ್ರ ನೋವು ಏಳುತ್ತದೆ. ನಿಮ್ಮ ನೆರೆಯವರು ಹೇಳಿದ, ಸಿಮೆಂಟೇ ಹಲ್ಲನ್ನು ತಿನ್ನುತ್ತದೆ ಎಂಬ ಮಾತು ಹುಟ್ಟಿದ್ದು ಬಹುಶಃ ಇಲ್ಲಿಂದ: ಕ್ಯಾಪ್ ತೆಗೆದಾಗ ಅಡಿಯಲ್ಲಿ ಹಲ್ಲು ಕರಗಿರುವುದನ್ನು ಕಂಡವರು ಅಲ್ಲಿದ್ದ ಸಿಮೆಂಟಿನ ಮೇಲೆ ತಪ್ಪು ಹೊರಿಸಿದ್ದಾರೆ. ಹಲ್ಲನ್ನು ತಿಂದದ್ದು ಕ್ರಿಮಿಗಳು ಸಕ್ಕರೆಯಿಂದ ಮಾಡುವ ಆಮ್ಲ. ಸಿಮೆಂಟಿನ ತಪ್ಪೇನಿದ್ದರೂ ಆ ಕ್ರಿಮಿಗಳಿಗೆ ದಾರಿ ಬಿಟ್ಟದ್ದು.

ಫ್ಲೋರೈಡಿನ ಭಯವೂ ಬೇಡ. ನೀರಿನ ಫ್ಲೋರೈಡಿನಿಂದ ಹಲ್ಲಿನ ಮೇಲೆ ಬರುವ ಬಿಳಿ, ಕಂದು ಕಲೆಗಳು ಹಲ್ಲು ದವಡೆಯೊಳಗೆ ರೂಪುಗೊಳ್ಳುತ್ತಿರುವಾಗ, ಅಂದರೆ ಸುಮಾರು ಎಂಟು ವರ್ಷದೊಳಗೆ, ಆಗುವಂಥವು. 54ರ ವಯಸ್ಸಿನಲ್ಲಿ ಅದು ಹೊಸದಾಗಿ ಬರುವ ಮಾತಿಲ್ಲ. ಮೂಳೆಗೆ ತೊಂದರೆಯಾಗುವುದು ಫ್ಲೋರೈಡ್ ಹೆಚ್ಚಿರುವ ನೀರನ್ನು ವರ್ಷಾನುಗಟ್ಟಲೆ ಕುಡಿದಾಗ. ಕ್ಯಾಪಿನ ಅಡಿಯ ಸಿಮೆಂಟಿನ ತೆಳುಪದರ ಬಿಡುವುದು ಅತ್ಯಲ್ಪ, ಅದೂ ಮೊದಲ ಒಂದೆರಡು ದಿನ ಮಾತ್ರ ತುಸು ಹೆಚ್ಚು, ಆಮೇಲೆ ಬೇಗನೆ ಇಳಿದುಬಿಡುತ್ತದೆ. ಊರಿನ ಬೋರ್‌ವೆಲ್ ನೀರಿನ ಅನುಮಾನವಿದ್ದರೆ ಅದನ್ನು ಬೇರೆಯಾಗಿ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದಿದ್ದಲ್ಲಿ 1.5ರವರೆಗೆ ಸಹ್ಯ ಎಂಬುದು ಭಾರತೀಯ ಮಾನಕ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಪರೀಕ್ಷೆಯನ್ನು ಮುಂದೂಡಬೇಡಿ.

ಈಗ ನಿಮ್ಮ ಮುಂದಿರುವ ದಾರಿಗಳು. ಎಕ್ಸ್‌ರೇ ತೆಗೆದು, ಹಲ್ಲನ್ನು ಶುಚಿಮಾಡಿ ನೋಡಿದಾಗ ಹುಳುಕಿಲ್ಲ, ಒಳಗಿನ ಫಿಲ್ಲಿಂಗ್ ಗಟ್ಟಿಯಾಗಿದೆ, ಕ್ಯಾಪಿನ ಅಂಚು ಸುತ್ತಲೂ ಸರಿಯಾಗಿ ಹೊಂದುತ್ತದೆ ಎಂದು ಕಂಡುಬಂದರೆ, ಅದೇ ಕ್ಯಾಪಿನ ಒಳಮೈಗೆ ಅಲ್ಯುಮಿನಾ ಪುಡಿ ಊದಿ ತರಿಮಾಡಿ, ರೆಸಿನ್ ಬೆರೆತ ಗ್ಲಾಸ್ ಅಯಾನೊಮರ್‌ನಲ್ಲಿ ಕೂರಿಸಬಹುದು. ಖರ್ಚು ಕಡಿಮೆ. ಹಲ್ಲು ಗಿಡ್ಡವಾಗಿಯೇ ಇರುವುದರಿಂದ ಮತ್ತೆ ಕಳಚುವ ಅಪಾಯ ಇದ್ದೇ ಇರುತ್ತದೆ, ಅದನ್ನು ಒಪ್ಪಿಕೊಂಡೇ ಹೋಗಬೇಕು. ಇದೇ ಕ್ಯಾಪನ್ನು ರೆಸಿನ್ನಿನಲ್ಲಿ ಅಂಟಿಸಿದರೆ ಹಿಡಿತ ಹೆಚ್ಚುತ್ತದೆ. ಆದರೆ ಅಂಚು ಎಲ್ಲಾದರೂ ಸೋರುತ್ತಿದ್ದರೆ ಕ್ಯಾಪ್ ಕಳಚದೆ, ಅಡಿಯಲ್ಲಿ ಹುಳುಕು ಮುಂದುವರಿದು, ಗೊತ್ತಾಗುವಷ್ಟರಲ್ಲಿ ಹಲ್ಲು ಕೈತಪ್ಪಿರುತ್ತದೆ. ಎರಡನೆಯ ಸಲ ಕಳಚಿದ್ದೇ ಒಂದು ರೀತಿಯಲ್ಲಿ ನಿಮಗೆ ಸಿಕ್ಕಿದ ಮುನ್ನೆಚ್ಚರಿಕೆ.

ಹುಳುಕು ಇದ್ದರೆ, ನನ್ನ ಊಹೆ ಅದೇ, ಹಳೆಯ ಕ್ಯಾಪಿನ ಆಸೆ ಬಿಡಿ. ಹುಳುಕನ್ನು ಪೂರ್ತಿ ತೆಗೆದ ಮೇಲೆ ಅಂಚಿನ ಆಕಾರ ಬದಲಾಗುವುದರಿಂದ ಹಳೆಯ ಕ್ಯಾಪ್ ಅಲ್ಲಿಗೆ ಹೊಂದುವುದಿಲ್ಲ. ರೂಟ್ ಕೆನಾಲ್ ಒಳಗೆ ಜೊಲ್ಲು ಸೇರಿದ್ದರೆ ಅದನ್ನೂ ಮತ್ತೆ ಮಾಡಬೇಕಾಗಬಹುದು. ಆಮೇಲೆ ಒಳಗಿನ ಕಟ್ಟಡವನ್ನು ಹೊಸದಾಗಿ ಕಟ್ಟಿ, ಹಲ್ಲಿನ ಪಕ್ಕದ ಗೋಡೆಗಳಲ್ಲಿ ಸಣ್ಣ ತೋಡುಗಳನ್ನು ಕೊರೆದು, ಬೇಕೆನಿಸಿದರೆ ವಸಡನ್ನು ಶಸ್ತ್ರಚಿಕಿತ್ಸೆಯಿಂದ ತುಸು ಕೆಳಗಿಳಿಸಿ ಹಲ್ಲಿನ ಎತ್ತರ ಹೆಚ್ಚಿಸಿಕೊಳ್ಳಬೇಕು. ಇಷ್ಟು ಮಾಡಿದ ಮೇಲೆ ಸಿಮೆಂಟಿನ ಆಯ್ಕೆ ಸುಲಭವಾಗುತ್ತದೆ. ಹೊಸ ಕ್ಯಾಪ್ ಯಾವುದೆಂದು ಕೇಳಿದರೆ, ಯಾರಿಗೂ ಕಾಣದ ಕೊನೆಯ ದವಡೆ ಹಲ್ಲಿಗೆ ಪೂರ್ತಿ ಲೋಹದ ಕ್ಯಾಪ್ ಒಳ್ಳೆಯದೆಂದು ನಾನು ಇಂದಿಗೂ ಹೇಳುತ್ತೇನೆ. ಹೆಚ್ಚಿನವರು ಬಣ್ಣ ನೋಡಿ ಬೇಡವೆನ್ನುತ್ತಾರೆ, ಆದರೆ ಅದಕ್ಕೆ ಮೇಲ್ಮೈಯಲ್ಲಿ ತೇಯಬೇಕಾದದ್ದು ಕಡಿಮೆ, ಉಳಿಯುವ ಎತ್ತರ ಹೆಚ್ಚು, ಖರ್ಚೂ ಕಡಿಮೆ. ಬಿಳಿಯೇ ಬೇಕೆಂದರೆ ಪೂರ್ತಿ ಜಿರ್ಕೋನಿಯಾದ್ದನ್ನು ಮಾಡಿಸಿ, ಅದನ್ನೂ ಲೋಹಕ್ಕೆ ಪಿಂಗಾಣಿ ಹಚ್ಚಿದ ಕ್ಯಾಪಿಗಿಂತ ತೆಳುವಾಗಿ ಮಾಡಲು ಬರುತ್ತದೆ.

ಹುಳುಕು ವಸಡಿನಡಿಗೆ ಆಳವಾಗಿ ಇಳಿದು, ಮೇಲೆ ಹೇಳಿದ ಆ 2 ಮಿಲಿಮೀಟರ್ ಪಟ್ಟಿ ಸಿಗುವ ಹಾಗೇ ಇಲ್ಲದಿದ್ದರೆ ಹಲ್ಲನ್ನು ತೆಗೆಸುವುದೇ ಪ್ರಾಮಾಣಿಕ ಸಲಹೆ. ಕೊನೆಯ ಹಲ್ಲಾದ್ದರಿಂದ ಅಲ್ಲಿಗೆ ಬೇರೆ ಹಲ್ಲು ಕಟ್ಟಿಸದೆಯೂ ಅನೇಕರು ನೆಮ್ಮದಿಯಿಂದ ಊಟ ಮಾಡುತ್ತಾರೆ.

ಖರ್ಚಿನ ಚಿಂತೆಯಿದ್ದರೆ, ಮೈಸೂರಿನ ಜೆಎಸ್‌ಎಸ್ ಮತ್ತು ಫಾರೂಕಿಯಾ ದಂತ ವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಿ ನೋಡಿ. ಬೋಧನಾ ಆಸ್ಪತ್ರೆಗಳಲ್ಲಿ ಓಡಾಟ ಹೆಚ್ಚಾಗುತ್ತದೆ, ಆದರೆ ಪ್ರತಿ ಹಂತವನ್ನೂ ಇನ್ನೊಬ್ಬರು ಪರಿಶೀಲಿಸುತ್ತಾರೆ. ಎಲ್ಲಿಗೆ ಹೋದರೂ ಕಳಚಿದ ಕ್ಯಾಪನ್ನೂ ಹಳೆಯ ಎಕ್ಸ್‌ರೇಯನ್ನೂ ಒಯ್ಯಿರಿ. “ಯಾವ ಸಿಮೆಂಟ್ ಹಾಕುತ್ತೀರಿ” ಎಂದು ಕೇಳುವ ಮೊದಲು “ಇದು ಏಕೆ ಕಳಚಿತು, ತೇಯ್ದ ಹಲ್ಲು ಎಷ್ಟು ಎತ್ತರ ಉಳಿದಿದೆ” ಎಂದು ಕೇಳಿ. ಕ್ಯಾಪ್ ಕೂರಿಸಿದ ಮೇಲೆ ಒಂದು ದಿನ ಆ ಕಡೆ ಅಗಿಯಬೇಡಿ. ಮುದ್ದೆ ನುಂಗುವುದಕ್ಕೆ ಅಡ್ಡಿಯಿಲ್ಲ, ಸಾರಿನ ಕಾಳನ್ನು ಎಡಗಡೆಗೆ ಹಾಕಿಕೊಳ್ಳಿ. ಕಬ್ಬನ್ನು ಹಲ್ಲಿನಿಂದ ಸಿಗಿಯುವುದನ್ನು ಮಾತ್ರ ಖಾಯಂ ಬಿಡಿ. ಸಿಗಿಯುವಾಗ ಬೀಳುವುದು ನೇರ ಒತ್ತಡವಲ್ಲ, ಕ್ಯಾಪನ್ನು ಪಕ್ಕಕ್ಕೆ ಎಬ್ಬುವ ಸೆಳೆತ. ಗಿಡ್ಡ ಹಲ್ಲಿನ ಕ್ಯಾಪ್ ಸೋಲುವುದು ಅದಕ್ಕೇ. ಚಾಕುವಿನಿಂದ ಸಿಪ್ಪೆ ತೆಗೆದು ತುಂಡುಮಾಡಿ ತಿನ್ನಿ, ಇಲ್ಲವೇ ಕಬ್ಬಿನ ಹಾಲು ಕುಡಿಯಿರಿ.

ಎಲೆ ಅಡಿಕೆಯ ಬಗ್ಗೆ ನೀವು ಪತ್ರದಲ್ಲಿ ಒಂದೇ ಮಾತು ಬರೆದಿದ್ದೀರಿ, ನನಗೆ ಅದು ಸಿಮೆಂಟಿಗಿಂತ ಮುಖ್ಯವೆನಿಸಿತು. ಬಹುಕಾಲ ಅಡಿಕೆ ಅಗಿದವರಲ್ಲಿ ಕೆನ್ನೆಯ ಒಳಚರ್ಮ ಬಿಗಿದು, ಬಾಯಿ ಪೂರ್ತಿ ತೆರೆಯದಂತಾಗುವ ಕಾಯಿಲೆಯೊಂದಿದೆ. ಹಾಗಾದಾಗ ಕೊನೆಯ ಹಲ್ಲನ್ನು ಒಣಗಿಟ್ಟು ರೆಸಿನ್ ಹಾಕುವುದು ಬಹುಮಟ್ಟಿಗೆ ಅಸಾಧ್ಯ, ಮುಂದೆ ಅದು ಕ್ಯಾನ್ಸರಿಗೆ ತಿರುಗುವ ಅಪಾಯವೂ ಉಂಟು. ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ಜೋಡಿಸಿ, ಮುಂದಿನ ಮೇಲು ಹಲ್ಲಿಗೂ ಕೆಳ ಹಲ್ಲಿಗೂ ನಡುವೆ ಇಟ್ಟು ನೋಡಿ. ಹಿಡಿಸದಿದ್ದರೆ, ಅಥವಾ ಸಾರಿನ ಖಾರ ಕೆನ್ನೆಗೆ ಮೊದಲಿಗಿಂತ ಉರಿಯುತ್ತಿದ್ದರೆ, ಕ್ಯಾಪಿನ ಮಾತು ಎತ್ತುವ ಮೊದಲು ಕೆನ್ನೆಯ ಒಳಭಾಗವನ್ನು ವೈದ್ಯರಿಗೆ ತೋರಿಸಿ.